ಹಿರಿಯೂರು ಮುಟ್ಟುವಷ್ಟರಲ್ಲಿ ಇಳಿಯುವ ಮುಖ

ಮೈಮೇಲೆ ದದ್ದು ಎದ್ದವರಲ್ಲಿ ಕೆಲವರಿಗೆ ಮುಖವೂ ಊದಿಕೊಳ್ಳುವುದುಂಟು. ಪಿತ್ತದ ಗಂಧೆ ಎಂದು ಜನ ಕರೆಯುವ ಈ ತೊಂದರೆ ಮಾರಿಕಣಿವೆ ಅಣೆಕಟ್ಟಿನ ಸುತ್ತಿನ ಯಾವುದೇ ಊರಿನಲ್ಲಿ ಕಾಣಿಸಿಕೊಂಡರೂ, ರೋಗಿಯು ಕನ್ನಡಿ ಹುಡುಕುವ ಮೊದಲೇ ಬೀದಿಯವರು ಕಾರಣ, ಔಷಧ, ಪಥ್ಯ ಮೂರನ್ನೂ ತೀರ್ಮಾನಿಸಿ ಮುಗಿಸಿರುತ್ತಾರೆ. ಮಂಡಿನೋವನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕಾಗುತ್ತದೆ. ಊದಿದ ಮುಖಕ್ಕೆ ಆ ಶ್ರಮವಿಲ್ಲ.

ಈ ತೀರ್ಮಾನಗಳಲ್ಲಿ ಪಂಥಭೇದಗಳಿವೆ. ನಂಜಿನ ಪಂಥದವರು, ಅಂದರೆ ಕೆಲವು ಆಹಾರಗಳು ಮೈಯಲ್ಲಿ ತುರಿಕೆ-ಕೀವುಗಳನ್ನು ಕೆರಳಿಸುತ್ತವೆಂದು ನಂಬುವವರು, ಹಿಂದಿನ ರಾತ್ರಿಯ ಬದನೆಕಾಯಿಯನ್ನು ವಿಚಾರಣೆಯಿಲ್ಲದೆ ದೋಷಿಯೆಂದು ಸಾರುತ್ತಾರೆ. ಅದೇ ಊಟದಲ್ಲಿದ್ದ ಶೇಂಗಾ ಚಟ್ನಿ, ಮೊಟ್ಟೆ ಅಥವಾ ಮೀನು ಅಲರ್ಜಿಗೆ ಇನ್ನೂ ಹೆಸರಾದವುಗಳಾದರೂ, ಶೇಂಗಾ ಬೆಳೆಯುವ ಜಿಲ್ಲೆಯಲ್ಲಿ ಶೇಂಗಾದ ಮೇಲೆ ದೂರು ನಿಲ್ಲುವುದು ಕಷ್ಟ. ಅಮ್ಮ ಎದ್ದಿದ್ದಾಳೆಂದು ಬೇವಿನ ಸೊಪ್ಪು ತರುವವರು ಇನ್ನೊಂದು ಪಂಥ. ಅವರ ಕಷ್ಟವೆಂದರೆ, ಅಮ್ಮನ ಗುಳ್ಳೆಗಳು ದಿನಗಟ್ಟಲೆ ನಿಲ್ಲುತ್ತವೆ, ಗಂಧೆಯೋ ಸಾಮಾನ್ಯವಾಗಿ ಒಂದು ದಿನದೊಳಗೆ ಗುರುತಿಲ್ಲದೆ ಹೋಗುತ್ತದೆ. ರೋಗಿಗೆ ಕಂಬಳಿ ಹೊದಿಸಿ ಬೆಚ್ಚಗಿಡುವ ಪಂಥಕ್ಕೆ ಮಾತ್ರ ಶಾಸ್ತ್ರಾಧಾರವಿದೆ: ಶೀತಪಿತ್ತವೆಂಬ ಹೆಸರಿನಲ್ಲಿ ಇಂಥದೇ ದದ್ದನ್ನು ವರ್ಣಿಸುವ ಆಯುರ್ವೇದ ಗ್ರಂಥ ಮಾಧವನಿದಾನವು ತಣ್ಣನೆಯ ಗಾಳಿಯನ್ನು ಅದರ ಕಾರಣಗಳಲ್ಲೊಂದಾಗಿ ಹೇಳುತ್ತದೆ. ಆದರೆ ಕಂಬಳಿಯನ್ನು ಹೊದಿಸುವುದರಲ್ಲಿ ತೃಪ್ತರಾಗದೆ ಅದರಿಂದ ಮೈ ತಿಕ್ಕುವವರು, ಉಜ್ಜಿದಲ್ಲೆಲ್ಲ ಹೊಸ ಗಂಧೆ ಏಳುವುದನ್ನು ಕಂಡು, ಒಳಗಿದ್ದ ಪಿತ್ತ ಹೊರಬೀಳುತ್ತಿದೆಯೆಂದು ಸಂತೋಷಪಡುತ್ತಾರೆ.

ಚರ್ಮದೊಳಗೆ ನಡೆಯುವುದು ಇಷ್ಟು: ಮಾಸ್ಟ್ ಕೋಶಗಳೆಂಬ ಕಾವಲು ಕೋಶಗಳು ಕೆರಳಿ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತವೆ, ಅದರಿಂದ ಸಣ್ಣ ರಕ್ತನಾಳಗಳು ಹಿಗ್ಗಿ ದ್ರವ ಸೋರುತ್ತದೆ. ಸೋರಿಕೆ ಮೇಲ್ಪದರದಲ್ಲಾದರೆ ಗಂಧೆ. ಆಳದಲ್ಲಾದರೆ 1882ರಲ್ಲಿ ಜರ್ಮನಿಯ ವೈದ್ಯ ಕ್ವಿಂಕೆ ವಿವರಿಸಿದ ಬಾವು, ಇಂದಿನ ವೈದ್ಯರ ಆಂಜಿಯೋಎಡಿಮಾ. ರೆಪ್ಪೆ ಮತ್ತು ತುಟಿಗಳ ಚರ್ಮ ಸಡಿಲವಾದ್ದರಿಂದ ದ್ರವ ಅಲ್ಲಿ ಬೇಗ ತುಂಬುತ್ತದೆ. 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಕಾಣಲು 2022ರವರೆಗೆ ಕಾಯಬೇಕಾಯಿತು. ರೆಪ್ಪೆಗೆ ಅರ್ಧ ಗಂಟೆ ಸಾಕು.

ಮುಖ ಊದಿಸುವ ಇನ್ನೊಂದು ಆಸಾಮಿ ಹೊಲದ ಬದುವಿನಲ್ಲಿದೆ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು ದೇಶವೆಲ್ಲ ಹಬ್ಬಿದ ಕಾಂಗ್ರೆಸ್ ಹುಲ್ಲಿನ ಪಾರ್ಥೆನಿನ್ ಎಂಬ ವಸ್ತು, ಒಣ ಪುಡಿಯಾಗಿ ಗಾಳಿಯಲ್ಲಿ ಬಂದು, ಒಗ್ಗದವರ ರೆಪ್ಪೆ, ಕತ್ತು, ಮೊಣಕೈಯ ಮಡಿಕೆಗಳಲ್ಲಿ ಕೂರುತ್ತದೆ. ಇದು ಗಂಧೆಯಂತೆ ಬಂದು ಹೋಗುವ ಅತಿಥಿಯಲ್ಲ. ಚರ್ಮವನ್ನು ದಪ್ಪಗಾಗಿಸಿ ವರ್ಷಗಟ್ಟಲೆ ಕಾಡಬಲ್ಲದು. ಈ ಹುಲ್ಲನ್ನು ಮೇಯಲೆಂದು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆ ಮಳೆಗಾಲದಲ್ಲಿ ನಿಷ್ಠೆಯಿಂದ ಮೇಯುತ್ತದೆ, ಚಳಿಗಾಲದ ಹೊತ್ತಿಗೆ ಮಣ್ಣೊಳಗೆ ಸೇರಿ ಮಲಗುತ್ತದೆ. ಒಣಗಿದ ಹುಲ್ಲಿಗೆ ಮಾತ್ರ ಅಂಥ ರಜೆಯಿಲ್ಲ.

ನಾಲಿಗೆ ಊದುವುದು, ದನಿ ಕಟ್ಟುವುದು, ಉಸಿರು ಹತ್ತದಿರುವುದು ಕಂಡರೆ ಪಂಥಗಳೆಲ್ಲ ಪಕ್ಕಕ್ಕೆ ಸರಿದು 108ಕ್ಕೆ ಕರೆ ಮಾಡಬೇಕು; ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು, ಜೀರಿಗೆ ಕಷಾಯವಲ್ಲ. ಉಳಿದ ಸಂದರ್ಭಗಳ ಪೇಚೇ ಬೇರೆ. ಅಣೆಕಟ್ಟಿನಿಂದ ಸುಮಾರು 20 ಕಿ.ಮೀ. ದೂರದ ಹಿರಿಯೂರಿಗೆ ಬಸ್ಸು ಹಿಡಿದು, ಆಸ್ಪತ್ರೆಯ ಚೀಟಿ ಮಾಡಿಸಿ, ಸರತಿಯಲ್ಲಿ ಕುಳಿತೇಳುವಷ್ಟರಲ್ಲಿ ಗಂಧೆ ಮಾಯವಾಗಿರುತ್ತದೆ. ಎರಡು-ಮೂರು ದಿನ ಉಳಿಯಬಲ್ಲ ಆಳದ ಬಾವು ಮಾತ್ರ ಅಷ್ಟಿಷ್ಟು ಇರುತ್ತದಾದರೂ, ರೋಗಿಯ ಮೊದಲಿನ ಮುಖವನ್ನೇ ನೋಡಿರದ ವೈದ್ಯರಿಗೆ ಅದು ಹುಟ್ಟಾ ದುಂಡುಮುಖವೆಂದು ತೋರಿದರೆ ತಪ್ಪಿಲ್ಲ. ಹೋಲಿಸಿ ನೋಡಲು ಆಧಾರ್ ಕಾರ್ಡ್ ಕೊಡೋಣವೆಂದರೆ ಆ ಚಿತ್ರ ಆರೋಗ್ಯವಂತನನ್ನೂ ಹೋಲುವುದಿಲ್ಲ. ದದ್ದು ಎದ್ದಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಮುಂದಿನ ಸಲ ಮನೆಯ ಹುಡುಗರು ಮುತುವರ್ಜಿಯಿಂದ ತೆಗೆದುಕೊಟ್ಟ ಚಿತ್ರದಲ್ಲಿ, ಮುಖ ಚೆಂದ ಮಾಡುವ ಫೋನಿನ ಸೌಲಭ್ಯವು ಗಂಧೆಯನ್ನೆಲ್ಲ ಅಳಿಸಿ, ಕೆನ್ನೆಯನ್ನು ಸಣ್ಣಗಾಗಿಸಿ, ಮೇಲಿಷ್ಟು ಬಣ್ಣವನ್ನೂ ಬಳಿದಿರುತ್ತದೆ.