ಬೇಲಿಯಾಚೆ ಒಂದು ಇಲಾಖೆ

ಕಥೆ ಹೇಳುವವರಿಗೆ ಒಂದು ಚಟವಿದೆ. ಎರಡು ಭಾಗಗಳನ್ನು ಜನ ಮೆಚ್ಚಿದರೆ ಸಾಕು, ಮೂರನೆಯದರಲ್ಲಿ ಎಲ್ಲವನ್ನೂ ವಿವರಿಸಲು ಹೊರಡುತ್ತಾರೆ. ವಿವರಣೆ ಒಳಗೆ ಬಂದು ಕೂತಿತೆಂದರೆ ಕಥೆ ಎದ್ದು ಚಪ್ಪಲಿ ಹುಡುಕತೊಡಗುತ್ತದೆ.

ಈ ಜ್ಞಾನ ನನಗೆ ಬಂದದ್ದು ಅಣ್ಣನ ಮಗಳಿಂದ. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುವ ಅವಳು ರಜೆಗೆ ಶಿರೂರಿಗೆ ಬರುವಾಗ ಚೀಲದಲ್ಲಿ ಬಟ್ಟೆಗಿಂತ ಕಾದಂಬರಿಗಳೇ ಹೆಚ್ಚು. ಈ ಸಲ ವೆರೋನಿಕಾ ರಾತ್ ಎಂಬ ಅಮೆರಿಕದ ಹೆಣ್ಣುಮಗಳು ಬರೆದ ಮೂರು ದಪ್ಪ ಇಂಗ್ಲಿಷ್ ಪುಸ್ತಕಗಳು ಬಂದವು: 2011ರ ‘ಡೈವರ್ಜೆಂಟ್’, 2012ರ ‘ಇನ್ಸರ್ಜೆಂಟ್’, 2013ರ ‘ಅಲೀಜಿಯಂಟ್’. ಮೊದಲನೆಯದನ್ನು ಲೇಖಕಿ ಕಾಲೇಜಿನಲ್ಲಿ ಓದುತ್ತಿರುವಾಗಲೇ ಬರೆದಳೆಂದು ಕೇಳಿ ಅಣ್ಣ ಮಗಳ ಮುಖ ನೋಡಿದ. “ನನ್ನವು ಇನ್ನೂ ಎರಡು ಸಬ್ಜೆಕ್ಟ್ ಬ್ಯಾಕ್ ಅದಾವ್ರಿ ಅಪ್ಪಾ, ಮೊದಲ ಅವು ಮುಗೀಲಿ” ಎಂದು ಅವಳು ಆ ದಾರಿಯನ್ನು ಅಲ್ಲೇ ಮುಚ್ಚಿದಳು. ಮತ್ತೆ ನನ್ನ ಕಡೆ ತಿರುಗಿ, “ನೀವು ಓದ್ರಿ ಕಾಕಾ, ಭಾಳ ಚಲೋ ಐತಿ” ಎಂದಳು.

ಓದಿದೆ. ಚಲೋನೇ ಇತ್ತು. ಮುಂದೆಂದೋ ಬರಲಿರುವ ಕಾಲದ ಷಿಕಾಗೋ ನಗರ, ಸುತ್ತ ಬೇಲಿ. ಒಳಗಿನವರು ಐದು ಬಣ: ತ್ಯಾಗಿಗಳು, ಶಾಂತಿಪ್ರಿಯರು, ಸತ್ಯವಂತರು, ಧೈರ್ಯಸ್ಥರು, ಪಂಡಿತರು. ಹದಿನಾರು ತುಂಬಿದವರು ತಮ್ಮ ಬಣವನ್ನು ತಾವೇ ಆರಿಸಿಕೊಳ್ಳಬೇಕು. ತ್ಯಾಗಿಗಳ ಮನೆಯಲ್ಲಿ ಹುಟ್ಟಿದ ಟ್ರಿಸ್ ಧೈರ್ಯಸ್ಥರನ್ನು ಸೇರುತ್ತಾಳೆ. ಆದರೆ ಪರೀಕ್ಷೆಯ ಪ್ರಕಾರ ಅವಳು ಒಂದೇ ಬಣಕ್ಕೆ ಒಗ್ಗುವವಳಲ್ಲ. ಅಂಥವರು ಗೊತ್ತಾದರೆ ಜೀವಕ್ಕೇ ಸಂಚಕಾರ.

ಇಂಥದ್ದನ್ನು ಓದಿ ಸುಮ್ಮನೆ ಕೂರಲಾದೀತೇ? ನಾವಿಬ್ಬರೂ ಇಡೀ ಮನೆಯನ್ನು ಬಣಗಳಿಗೆ ಹಂಚಿದೆವು. ಎಲ್ಲರಿಗೂ ಬಿಸಿ ರೊಟ್ಟಿ ಬಡಿದು ಹಾಕಿ, ಕಡೆಗೆ ತಾನು ನಿನ್ನೆಯ ಖಡಕ್ ರೊಟ್ಟಿ ಮುರಿದುಕೊಳ್ಳುವ ಅವ್ವ ತ್ಯಾಗಿ. ಮಳೆ ಯಾಕೆ ಬರಲಿಲ್ಲ ಎಂಬುದರಿಂದ ಹಿಡಿದು ಡಾಲರ್ ಯಾಕೆ ಏರಿತು ಎಂಬುದರವರೆಗೆ ಮೊಬೈಲ್ ನೋಡಿ ತಿಳಿಹೇಳುವ ಅಣ್ಣ ಪಂಡಿತ. ಬೀಗರ ಕೈಗೆ ಚಹಾ ಕೊಡುತ್ತಲೇ “ಹ್ವಾದ ಸಲಕ್ಕಿಂತ ಭಾಳ ದಪ್ಪ ಆಗೀರಿ” ಎನ್ನುವ ನನ್ನ ಹೆಂಡತಿ ಸತ್ಯವಂತರ ಬಣದ ಆಜೀವ ಸದಸ್ಯೆ. ಕಾದಂಬರಿಯ ಧೈರ್ಯಸ್ಥರು ಓಡುವ ರೈಲಿಗೆ ಹಾರಿ ಹತ್ತುತ್ತಾರೆ. ಬೆಳಿಗ್ಗೆ ಶಿರೂರಿನ ಹುಡುಗರು ಬಾಗಲಕೋಟೆ ಬಸ್ಸು ಹತ್ತುವುದನ್ನು ಲೇಖಕಿ ನೋಡಿದ್ದರೆ ಆ ಅಧ್ಯಾಯ ಇನ್ನೂ ರಂಗೇರುತ್ತಿತ್ತು. ಬಸ್ಸು ನಿಲ್ಲುವ ಮೊದಲೇ ನಮ್ಮವರು ಕಿಟಕಿಯಿಂದ ಚೀಲ ಒಗೆದು ಸೀಟು ಹಿಡಿದಿರುತ್ತಾರೆ. ಶಾಂತಿಪ್ರಿಯರ ಬಣಕ್ಕೆ ಮಾತ್ರ ಒಬ್ಬರೂ ಸಿಗಲಿಲ್ಲ. ಜಗಳವಾಗದಿರಲೆಂದು ಆ ಬಣದವರು ಬ್ರೆಡ್ಡಿನಲ್ಲಿ ಶಾಂತಿಯ ಔಷಧ ಬೆರೆಸುತ್ತಾರೆ ಎಂದು ಎರಡನೆಯ ಪುಸ್ತಕದಲ್ಲಿ ಬರುತ್ತದೆ. ನಮ್ಮದು ರೊಟ್ಟಿಗೆ ರಂಜಕ ಹಚ್ಚಿಕೊಂಡು ತಿನ್ನುವ ವಂಶ.

ಎರಡನೆಯದರ ಕೊನೆಗೆ ಬೇಲಿಯಾಚೆಯೂ ಲೋಕವಿದೆಯೆಂದು ತಿಳಿಯುತ್ತದೆ. ಆಚೆ ಸಮುದ್ರವಿರಬಹುದೇ, ಯಂತ್ರಮಾನವರೇ, ಬೇರೆ ಗ್ರಹದವರೇ ಎಂದು ನಾನು ಊಹೆ ಕಟ್ಟುತ್ತಲೇ ಇದ್ದೆ. ಹುಡುಗಿ ಮೂರನೆಯ ಪುಸ್ತಕವನ್ನು ಮುಂದೆ ಸರಿಸಿದಳು. ಈ ಸಲ “ಚಲೋ ಐತಿ” ಎನ್ನಲಿಲ್ಲ.

ಆಚೆ ಇದ್ದದ್ದು ಒಂದು ಸರಕಾರಿ ಇಲಾಖೆ! ಓಹೇರ್ ವಿಮಾನ ನಿಲ್ದಾಣದಲ್ಲಿ ಕಚೇರಿ ತೆರೆದು ಕೂತ ವಂಶವಾಹಿ ಕಲ್ಯಾಣ ಇಲಾಖೆ. ಹಿಂದೆ ಯಾರೋ ಮನುಷ್ಯರ ಜೀನುಗಳನ್ನು ತಿದ್ದಲು ಹೋಗಿ ಕೆಡಿಸಿಟ್ಟರಂತೆ. ಅವು ತಲೆಮಾರುಗಳು ಕಳೆದಂತೆ ನೆಟ್ಟಗಾಗಲೆಂದು ಊರನ್ನೇ ಬೇಲಿಯೊಳಗಿಟ್ಟು ಕ್ಯಾಮೆರಾದಲ್ಲಿ ನೋಡುತ್ತಿದ್ದರಂತೆ. ನಾವು ಅಷ್ಟು ಪ್ರೀತಿಯಿಂದ ಅವ್ವನಿಗೂ ಅಣ್ಣನಿಗೂ ಹಂಚಿದ ಬಣಗಳೆಲ್ಲ ಆ ಪ್ರಯೋಗದ ಒಂದು ಕಲಮು! ಬೇಲಿಯಾಚೆ ರಾಕ್ಷಸನಿದ್ದರೆ ಹೊಡೆದಾಡಬಹುದಿತ್ತು. ಇಲಾಖೆಗೆ ಏನು ಮಾಡುವುದು? ಅರ್ಜಿ ಕೊಟ್ಟು ಕಾಯಬೇಕು. ಓದುಗನೂ ಹಾಗೇ ಕಾಯುತ್ತಾನೆ.

ಬಾಗಲಕೋಟೆ ಸೀಮೆಯವರಿಗಂತೂ ಇದು ಬೆರಗಿನ ಸಂಗತಿಯೇ ಅಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿ, ಅಲ್ಲಿನವರು ನವನಗರದ ಸೆಕ್ಟರ್ ನಂಬರುಗಳಿಗೆ ಹಂಚಿಹೋದರು. ‘ಯಾವ ಓಣಿ?’ ಎನ್ನುತ್ತಿದ್ದವರು ‘ಯಾವ ಸೆಕ್ಟರ್?’ ಎನ್ನಲು ಕಲಿತರು. ಇಲಾಖೆ ಮನಸ್ಸು ಮಾಡಿದರೆ ಊರನ್ನೇ ಎತ್ತಿಡಬಲ್ಲದೆಂದು ನಮಗೆ ವೈಜ್ಞಾನಿಕ ಕಾದಂಬರಿ ಹೇಳಿಕೊಡಬೇಕಾಗಿಲ್ಲ. ಪರಿಹಾರದ ಕಾಗದಪತ್ರಗಳೇ ಸಾಕು.

ಇನ್ನೊಂದು ಫಜೀತಿ. ಮೊದಲೆರಡು ಪುಸ್ತಕಗಳನ್ನು ಟ್ರಿಸ್ ಒಬ್ಬಳೇ ಹೇಳಿದ್ದಳು. ಮೂರನೆಯದನ್ನು ಅವಳೂ ಅವಳ ಪ್ರಿಯಕರ ಟೊಬಾಯಸನೂ ಸರದಿಯಂತೆ ಹೇಳುತ್ತಾರೆ. ಇಬ್ಬರದೂ ಒಂದೇ ಧಾಟಿ. ಚಹಾ ಕುಡಿದು ಬಂದು ಕೂತರೆ ಪುಟದಲ್ಲಿ ಯಾರದೋ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಯಾರದೆಂದು ತಿಳಿಯಲು ಅಧ್ಯಾಯದ ತಲೆಯವರೆಗೆ ಹಾಳೆ ತಿರುವಬೇಕು. ಈ ಏರ್ಪಾಡಿನ ಗುಟ್ಟು ಕೊನೆಗೆ ಬಯಲಾಗುತ್ತದೆ. ತನ್ನ ಅಣ್ಣ ಹೋಗಬೇಕಿದ್ದ ಸಾವಿನ ಕೆಲಸಕ್ಕೆ ಟ್ರಿಸ್ ತಾನೇ ಹೋಗಿ ಗುಂಡೇಟಿಗೆ ಬಲಿಯಾಗುತ್ತಾಳೆ. ಹೇಳುವವಳೇ ಸತ್ತ ಮೇಲೆ ಉಳಿದ ಪುಟಗಳಿಗೆ ಒಬ್ಬ ಆಳು ಬೇಕಲ್ಲ!

ಪುಸ್ತಕ ಬಂದಾಗ ಅಭಿಮಾನಿಗಳು ಲೇಖಕಿಯ ಮೇಲೆ ಹರಿಹಾಯ್ದರು. ಕಥೆ ಕೇಳಿದ ನಮ್ಮ ಅವ್ವ ಮಾತ್ರ, “ಹುಡುಗಿ ಚಲೋ ಇದ್ಳು. ಆ ಅಣ್ಣಗ ಬುದ್ಧಿ ಬ್ಯಾಡೇನು?” ಎಂದಳು. ಸಾವಿನ ಬಗ್ಗೆ ನನ್ನದೂ ತಕರಾರಿಲ್ಲ. ತ್ಯಾಗಿಗಳ ಮಗಳು ಕಡೆಗೆ ತ್ಯಾಗವನ್ನೇ ಮಾಡಿದಳು, ಲೆಕ್ಕ ಸರಿಯಾಗಿದೆ. ಅದಕ್ಕೆ ಮೊದಲು ಅಷ್ಟು ಹೊತ್ತು ನಮ್ಮನ್ನು ಇಲಾಖೆಯ ಬೆಂಚಿನ ಮೇಲೆ ಕೂರಿಸಿದ್ದೇ ತಪ್ಪು.

ಸಿನಿಮಾದ ಗತಿ ಇನ್ನೂ ವಿಚಿತ್ರ. 2014ರಲ್ಲಿ ಮೊದಲ ಚಿತ್ರ, 2015ರಲ್ಲಿ ಎರಡನೆಯದು. ಕೊನೆಯ ಪುಸ್ತಕವನ್ನು ಎರಡು ಚಿತ್ರಗಳಾಗಿ ತುಂಡು ಮಾಡಿದರು. 2016ರಲ್ಲಿ ಬಂದ ಮೊದಲ ತುಂಡು ನೆಲಕಚ್ಚಿತು. 2017ಕ್ಕೆಂದು ಹೇಳಿದ್ದ ‘ಅಸೆಂಡೆಂಟ್’ ಬರಲೇ ಇಲ್ಲ. ನಮ್ಮ ಭಾಗದ ಶ್ರೀಕೃಷ್ಣ ಪಾರಿಜಾತದವರು, ಎದುರಿಗಿದ್ದವರೆಲ್ಲ ನಿದ್ದೆ ಹೋಗಿದ್ದರೂ, ಮಂಗಳ ಹಾಡದೆ ಗಂಟು ಕಟ್ಟುವುದಿಲ್ಲ. ಹಾಲಿವುಡ್‌ನವರು ಕಟ್ಟಿದರು. ಹೀಗಾಗಿ ಪರದೆಯ ಮೇಲಿನ ಟ್ರಿಸ್ ಇವತ್ತಿಗೂ ಬದುಕಿದ್ದಾಳೆ. ಲೇಖಕಿ ತೆಗೆದ ಜೀವವನ್ನು ನಿರ್ಮಾಪಕರ ನಷ್ಟ ಉಳಿಸಿತು.

ನಿಮ್ಮ ಮನೆಯ ಮಕ್ಕಳೂ ಈ ಮೂರು ಪುಸ್ತಕ ತಂದರೆ ನನ್ನ ತೀರ್ಪು ಇಷ್ಟೇ: ಮೊದಲನೆಯದನ್ನು ಕಸಿದುಕೊಂಡು ಓದಿ, ಎರಡನೆಯದನ್ನು ಕೇಳಿ ಇಸಕೊಂಡು ಓದಿ. ಮೂರನೆಯದನ್ನು ಅವರೇ ಓದಲಿ. ರಾತ್ರಿ ಊಟಕ್ಕೆ ಕೂತಾಗ ಕಥೆ ಹೇಳಿಸಿಕೊಳ್ಳಿ, ಇಲಾಖೆಯ ಭಾಗ ಬಿಟ್ಟು.