ಅತ್ತಿಯ ಸೀಕ್ವೆನ್ಸು

ಹೋದ ದೀಪಾವಳಿ ಅಮಾವಾಸ್ಯೆಯ ರಾತ್ರಿ ಮಾನ್ವಿಯಲ್ಲಿ, ಸೋದರತ್ತಿಯ ಪಡಸಾಲೆಯಲ್ಲಿ ಕೂತು ನಾನು 140 ಹುಣಸಿ ಬೀಜ ಸೋತೆ. ನಗಬೇಡಿ. ಅತ್ತಿಯ ಮನೆಯಲ್ಲಿ ರೊಕ್ಕ ಇಟ್ಟು ಆಡುವ ಪದ್ಧತಿ ಇಲ್ಲ, ಹುಣಸಿ ಬೀಜವೇ ಅಲ್ಲಿ ಚಲಾವಣೆ. ಗಡಿಗೆಯಿಂದ ತೆಗೆದು ಎಲ್ಲರಿಗೂ 50 ಬೀಜ ಎಣಿಸಿ ಕೊಡುತ್ತಾಳೆ. ಕಳಕೊಂಡವರಿಗೆ ಸಾಲವನ್ನೂ ಕೊಡುತ್ತಾಳೆ. ಸಾಲ ಕೊಟ್ಟಿದ್ದು ಮಾತ್ರ ಮರೆಯುವುದಿಲ್ಲ.

ಈ ಗತಿ ಬಂದದ್ದು ಒಂದು ಸಿನಿಮಾದಿಂದ. ಹಬ್ಬಕ್ಕೆ ಮೂರು ದಿನ ಮುಂಚೆ ರಾಯಚೂರಿನ ಮನೆಯ ಮಾಳಿಗೆ ಮೇಲೆ, ಫೋನು ಎದೆಯ ಮೇಲಿಟ್ಟುಕೊಂಡು, ‘ರೌಂಡರ್ಸ್’ ನೋಡಿದೆ. 1998ರದು. ಮ್ಯಾಟ್ ಡೇಮನ್ ನ್ಯೂಯಾರ್ಕಿನಲ್ಲಿ ಕಾನೂನು ಓದುವ ಹುಡುಗ, ಓದಿಗಿಂತ ಪೋಕರ್ ಮೇಲೆ ಜೀವ. ಮೊದಲ ಆಟದಲ್ಲೇ ತನ್ನ ಗಂಟೆಲ್ಲ, ಅಂದರೆ 30,000 ಡಾಲರು, ಟೆಡ್ಡಿ ಕೆಜಿಬಿ ಎಂಬ ರಷ್ಯದವನ ಮುಂದೆ ದೂಡಿ ಸೋಲುತ್ತಾನೆ. ನನ್ನ ಹೆಂಡತಿ ಹಪ್ಪಳ ಎತ್ತಲು ಬಂದವಳು ಒಂದು ಗಳಿಗೆ ಬಗ್ಗಿ ನೋಡಿದಳು. “ಎಲ್ಲಾನೂ ಯಾಕ ಮುಂದ ದೂಡ್ತಾನ್ರೀ ಆ ಹುಡುಗ? ಏಳಂತ ಹೇಳ್ರೀ ಅವಗ” ಅಂದಳು.

ಈ ಮಾತು ನಾನು ಮೊದಲೇ ಕೇಳಿದ್ದೆ. ನನ್ನ ತಾಯಿಯ ತವರು ದೇವದುರ್ಗದ ಕಡೆಯ ಒಂದು ಹಳ್ಳಿ. ಅಲ್ಲಿ ಬೆಳಗಾನ ಬಯಲಾಟ, ಪ್ರಸಂಗ ದ್ರೌಪದಿ ವಸ್ತ್ರಾಪಹರಣ. ಧರ್ಮರಾಯ ಆನೆ ಇಟ್ಟ, ಕುದುರೆ ಇಟ್ಟ, ರಾಜ್ಯ ಇಟ್ಟ. ತಮ್ಮಂದಿರ ಪಾಳಿ ಬಂದಾಗ ಮುಂದಿನ ಸಾಲಿನ ಮುದುಕಿಯೊಬ್ಬಳಿಗೆ ತಡೆಯಲಾಗಲಿಲ್ಲ. “ಸಾಕೇಳೋ ಯಪ್ಪಾ, ಆ ಶಕುನಿ ಮಾರಿ ನೋಡಿದ್ರ ತಿಳಿಯಂಗಿಲ್ಲೇನು?” ಎಂದು ಕೂಗಿದಳು. ಧರ್ಮರಾಯ ಏಳಲಿಲ್ಲ, ಅವನಿಗೆ ಮಾತು ಬಾಯಿಪಾಠವಾಗಿತ್ತು. ಮರುದಿನ ಮುಂಜಾನೆ ಅದೇ ಧರ್ಮರಾಯ, ಮುಖದ ಬಣ್ಣ ಅರ್ಧ ತೊಳೆದುಕೊಂಡು, ಹೋಟೆಲಿನಲ್ಲಿ ಒಗ್ಗರಣಿ-ಮಿರ್ಚಿ ತಿಂದು “ಬರಕೋರಿ” ಅಂದ. ಹೋಟೆಲಿನವನು ಹೇಳಿದ್ದು: “ರಾತ್ರಿ ರಾಜ್ಯಾನೇ ಕಳಕೊಂಡೀದಿ, ನಿನಗ ಉದ್ರಿ ಹೆಂಗ ಕೊಡ್ಲಿ?”

ಎಲ್ಲಿದ್ದೆ? ಹಾಂ, ಟೆಡ್ಡಿ ಕೆಜಿಬಿ. ಜಾನ್ ಮಾಲ್ಕೊವಿಚ್ ಆ ಪಾತ್ರವನ್ನು ಮಾಡಿದ್ದಾನೆ ಅನ್ನುವುದಕ್ಕಿಂತ ಚಪ್ಪರಿಸಿದ್ದಾನೆ ಅನ್ನಬೇಕು. ಅವನ ಪಕ್ಕದಲ್ಲಿ ಓರಿಯೊ ಬಿಸ್ಕತ್ತಿನ ತಟ್ಟೆ. ಒಂದನ್ನು ಕಿವಿಯ ಹತ್ತಿರ ಹಿಡಿದು ಬಿಡಿಸುತ್ತಾನೆ. ಬಾಯಿಗೆ ಹಾಕಿದನೋ, ಎಲೆ ಭಾರಿ ಬಂದಿದೆ ಅಂತ ಅರ್ಥ. ಕೊನೆಯ ಆಟದಲ್ಲಿ ಹುಡುಗ ಈ ಗುಟ್ಟು ಹಿಡಿದುಬಿಡುತ್ತಾನೆ. ಪೋಕರ್ ಎಂದರೆ ಅರ್ಧ ಎಲೆ, ಅರ್ಧ ಮಾರಿ ಓದುವುದು. ತಲಾ ಎರಡು ಎಲೆ ಕೈಯಲ್ಲಿ, ಐದು ಎಲೆ ನಡುವೆ ಎಲ್ಲರಿಗೂ ಸೇರಿದ್ದು. ಉಳಿದದ್ದೆಲ್ಲ ಎದುರಿನವನ ಹುಬ್ಬು, ಗಂಟಲು, ಬೆರಳು. ಈ ಸಿನಿಮಾ ಥಿಯೇಟರಿನಲ್ಲಿ ಅಷ್ಟೇನೂ ಓಡಲಿಲ್ಲವಂತೆ. ಆದರೆ ಅದನ್ನು ನೋಡಿ ಹುರುಪು ತಗೊಂಡ ಟೆನೆಸಿಯ ಲೆಕ್ಕಿಗನೊಬ್ಬ 2003ರಲ್ಲಿ ಲಾಸ್ ವೇಗಸ್‌ನ ವಿಶ್ವ ಪಂದ್ಯದಲ್ಲಿ 25 ಲಕ್ಷ ಡಾಲರು ಗೆದ್ದ. ಹೆಸರು ಕ್ರಿಸ್ ಮನಿಮೇಕರ್. ಹುಟ್ಟಿನಿಂದ ಬಂದ ಅಡ್ಡಹೆಸರೇ ಅದು, ನಮ್ಮ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ ಇದ್ದ ಹಾಗೆ.

ನಾನೂ ಮಾರಿ ಓದಿದೆ. ಮಾನ್ವಿಯ ಪಡಸಾಲೆಯಲ್ಲಿ ಅರ್ಧ ತಾಸು ಆಡದಂತೆ ಆಡಿ ಅತ್ತಿಯ ಬಾಯಿಯನ್ನೇ ಅಭ್ಯಾಸ ಮಾಡಿದೆ. ಎಲಿ-ಅಡಿಕಿ ಅಗಿಯುತ್ತಿದ್ದಳು. ಒಳ್ಳೆ ಎಲೆ ಬಂದಾಗ ಅಗಿಯುವುದು ನಿಲ್ಲುತ್ತದೆ! ಸಿಕ್ಕಿತು ಓರಿಯೊ.

ಆಡುತ್ತಿದ್ದದ್ದು ಮೂರೆಲೆ. ತೀನ್ ಕಂದೀಲ್ ಸರ್ಕಲ್ ಇರುವ ರಾಯಚೂರಿನವನಿಗೆ ತೀನ್ ಪತ್ತಿ ಯಾವ ದೊಡ್ಡ ಮಾತು ಎಂಬ ಸೊಕ್ಕೂ ಇತ್ತು. ಒಂದು ಸಲ ಮೂರೂ ಆಟೀನ್ ಬಿದ್ದವು, ಅಂದರೆ ಕಲರ್, ರಾಜ ಸಮೇತ. ಮುಖವನ್ನು ರಾಯಚೂರು ಕೋಟೆಯ ಕಲ್ಲು ಮಾಡಿಕೊಂಡೆ. ಅತ್ತಿ ನೋಡಿದರೆ ಅಗಿಯುತ್ತಲೇ ಇದ್ದಾಳೆ. ಸಾಲ ತಂದು ಸುರಿದೆ. ಕೊನೆಗೆ ಶೋ. ಅವಳದು ಏಳು, ಎಂಟು, ಒಂಬತ್ತು, ಅಂದರೆ ಸೀಕ್ವೆನ್ಸ್. ಒಂದೊಂದು ಒಂದೊಂದು ಬಣ್ಣ. ಪೋಕರಿನಲ್ಲಿ ಕಲರ್ ಮುಂದೆ ಸೀಕ್ವೆನ್ಸ್ ಸಣ್ಣದು, ಸಿನಿಮಾ ಗುಂಗಿನಲ್ಲಿ ಅದನ್ನು ಉರು ಹೊಡೆದಿದ್ದೆ. ಬೀಜದ ರಾಶಿಗೆ ಕೈ ಹಾಕಿದೆ. ಕೈ ಮೇಲೆ ಪಟ್ಟನೆ ಒಂದು ಬಿತ್ತು.

“ನಿಮ್ಮ ಅಮೆರಿಕಾದಾಗ ಹಂಗ ಇರಬೌದಪಾ ಅಳಿಯ. ಮಾನ್ವ್ಯಾಗ ಸೀಕ್ವೆನ್ಸೇ ದೊಡ್ಡದು.”

ಇಂಜಿನಿಯರಿಂಗ್ ಓದುವ ಅತ್ತಿಯ ಮೊಮ್ಮಗ ಕೂತಲ್ಲೇ ಲೆಕ್ಕ ಹಾಕಿದ. ಐದು ಎಲೆಯ ಆಟದಲ್ಲಿ ಸೀಕ್ವೆನ್ಸ್ 10,200 ರೀತಿ ಬೀಳಬಹುದು, ಕಲರ್ 5,108 ರೀತಿ ಮಾತ್ರ. ಮೂರು ಎಲೆಗೆ ಬಂದರೆ ತಿರುಗುಮುರುಗು: ಸೀಕ್ವೆನ್ಸ್ 720, ಕಲರ್ 1,096. ಅಪರೂಪದ್ದೇ ದೊಡ್ಡದು. ಹೀಗೆ ಅಮೆರಿಕವೂ ಸರಿ, ಮಾನ್ವಿಯೂ ಸರಿ, ನಾನೊಬ್ಬನೇ ತಪ್ಪು.

ಅದೇ ಹುಡುಗ ಕಾನೂನನ್ನೂ ತೆಗೆದ. ರಮ್ಮಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಆ ಖಟ್ಲೆ ಸಿಕಂದರಾಬಾದಿನ ಕ್ಲಬ್ಬಿನದು, 1956ರ ತನಕ ನಾವೂ ಸೇರಿದ್ದ ಹೈದರಾಬಾದಿನ ಪಕ್ಕದ್ದೇ. ಆನ್‌ಲೈನ್ ಜೂಜಿನ ಮೇಲೆ ನಮ್ಮ ಸರ್ಕಾರ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ತಂಟೆಯೇ ಬೇಡವೆಂದು, ರೊಕ್ಕದ ಆನ್‌ಲೈನ್ ಆಟಗಳಿಗೆಲ್ಲ ಬಾಗಿಲು ಹಾಕುವ ಕಾಯ್ದೆ ಮಾಡಿತು. ನಮ್ಮ ಪೇಪರಿನ ಮೂಲೆಯಲ್ಲಿ ಬರುವ ‘52 ಇಸ್ಪೀಟ್ ಎಲೆ, ನಗದು ಜಪ್ತಿ’ ಬಹುಪಾಲು ಅಂದರ್-ಬಾಹರಿನದು. ಅದರಲ್ಲಿ ಕೌಶಲ ಬೇಕಾಗುವುದು ಓಡುವಾಗ ಮಾತ್ರ.

ನನಗೆ ಕೇಳಿದರೆ ಆ ಸಿನಿಮಾದಲ್ಲಿ ಒಬ್ಬ ಮುದುಕಿ ಕಡಿಮೆ. ಹುಡುಗ ಕೊನೆಗೆ ಓದು ಬಿಟ್ಟು ಲಾಸ್ ವೇಗಸ್‌ಗೆ ಹೊರಡುತ್ತಾನೆ, “ಸಾಕೇಳೋ ಯಪ್ಪಾ” ಅನ್ನಲು ಒಬ್ಬರೂ ಇಲ್ಲ.

ಹೊರಡುವಾಗ ಅತ್ತಿಯನ್ನು ಕೇಳಿದೆ, ಸೀಕ್ವೆನ್ಸ್ ಇಟ್ಟುಕೊಂಡು ಅಗಿಯುವುದನ್ನು ಯಾಕೆ ನಿಲ್ಲಿಸಲಿಲ್ಲ ಅಂತ. “ನೀ ನನ್ನ ಬಾಯೇ ನೋಡ್ಕೋತ ಕುಂತಿದ್ದಿ, ಕಾಣ್ಲಿಲ್ಲೇನು ನನಗ? ಮತ್ತ ನಿನ್ನದೂ ಗೊತ್ತೈತಿ ಬಿಡು. ಎಲಿ ಚೊಲೋ ಬಿದ್ದಾಗ ನೀ ಚಹಾ ಕೇಳೂದು ಬಿಡ್ತಿ.”

ನನಗೆ 50 ಕೊಟ್ಟಿದ್ದಳು, ಬಾಕಿ 90. ರಾಯಚೂರಿನಲ್ಲಿ ನಾವು ತರುವುದು ಬೀಜ ತೆಗೆದ ಹುಣಸಿಹಣ್ಣು. ದೇವದುರ್ಗದ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಸಲ ಹಣ್ಣು ಬಿಡಿಸುವಾಗ ಬೀಜ ಚೆಲ್ಲಬೇಡಿರಿ. ಯುಗಾದಿಯೊಳಗೆ ಮುಟ್ಟಿಸಬೇಕು.