ಜ್ವರ ಬಿಟ್ಟರೆ ಬೇರೆ ರಜೆ ಇಲ್ಲ

ಯಾವ ತಾಲ್ಲೂಕು ಊರಿಗೆ ಬೇಕಾದರೂ ಹೋಗಿ, ಬಸ್ ಸ್ಟ್ಯಾಂಡಿನಿಂದ ನಡೆದುಹೋಗುವಷ್ಟು ದೂರದಲ್ಲಿ ಅಂಥದೊಂದು ಮನೆ ಇದ್ದೇ ಇರುತ್ತದೆ. ಬೆಳಿಗ್ಗೆ ಆರಕ್ಕೆಲ್ಲ ಕಾಂಪೌಂಡಿಗೆ ಸೈಕಲ್ಲುಗಳು ಒರಗಿರುತ್ತವೆ, ಮೆಟ್ಟಿಲ ಮೇಲೆ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಒಳಗೆ ಮೂವತ್ತು ಗಂಟಲು ಸೇರಿ ರಾವಣನನ್ನು ಕೊಲ್ಲುತ್ತಿರುತ್ತವೆ. ‘ರಾಮ ಕಿಲ್ಡ್ ರಾವಣ.’ ಒಂದು ಗಳಿಗೆ ಬಿಡುವು. ‘ರಾವಣ ವಾಸ್ ಕಿಲ್ಡ್ ಬೈ ರಾಮ.’ ಎತ್ತ ತಿರುಗಿಸಿದರೂ ಸಾಯುವವನು ರಾವಣನೇ ಎಂಬುದು ಖಾತ್ರಿಯಾದ ಮೇಲೆ ಮುಂದಿನ ವಾಕ್ಯ.

ಅದು ಇಂಗ್ಲಿಷ್ ಟ್ಯೂಷನ್ ಮೇಷ್ಟ್ರ ಮನೆ. ನಮ್ಮೂರಿನದು ನಮ್ಮ ಮನೆಯ ಎದುರಿಗೇ ಇದೆ. ಶೀಟು ಹೊದಿಸಿದ ಶೆಡ್ಡು, ನೆಲಕ್ಕೆ ಜಮಖಾನ, ಗೋಡೆಗೆ ಕಪ್ಪು ಹಲಗೆ. ಮೇಷ್ಟ್ರು ಹೈಸ್ಕೂಲಿನಿಂದ ನಿವೃತ್ತರಾದವರು. ಹಾಗೆಂದು ಪಿಂಚಣಿ ಪುಸ್ತಕದಲ್ಲಿ ಬರೆದಿದೆ, ಅವರ ಗಂಟಲಿಗೆ ಇನ್ನೂ ಗೊತ್ತಾಗಿಲ್ಲ. ಹೊರಗೊಂದು ಬೋರ್ಡು ಬರೆಸಿದ್ದರು. ಪೇಂಟರು ‘ಗ್ರಾಮರ್’ ಪದದ ಕೊನೆಗೆ ‘ಎ’ ಬರೆಯಬೇಕಾದಲ್ಲಿ ‘ಇ’ ಬರೆದುಬಿಟ್ಟ. ಬೇರೆಯವರಾಗಿದ್ದರೆ ಅಳಿಸಿ ಬರೆಸುತ್ತಿದ್ದರು. ಮೇಷ್ಟ್ರು ಅವನ ಡಬ್ಬಿಯಿಂದಲೇ ಕೆಂಪು ಬಣ್ಣ ತೆಗೆದುಕೊಂಡು ಆ ಅಕ್ಷರಕ್ಕೊಂದು ಸುತ್ತು ಹಾಕಿ, ಅಂಚಿನಲ್ಲಿ ಸ್ಪೆಲಿಂಗ್ ತಪ್ಪಿಗೆ ಹಾಕುವ ‘ಎಸ್ಪಿ’ ಬರೆದರು. ಬೋರ್ಡು ಇವತ್ತಿಗೂ ಹಾಗೇ ಇದೆ. ಪೇಂಟರನ ಮಗನನ್ನು ಆ ವರ್ಷವೇ ಟ್ಯೂಷನ್ನಿಗೆ ಸೇರಿಸಲಾಯಿತು.

ಈ ಜಾತಿಯ ಮೇಷ್ಟ್ರುಗಳನ್ನು ಗುರುತಿಸುವುದಕ್ಕೆ ಇಂಗ್ಲಿಷ್ ಕೇಳಬೇಕಾಗಿಲ್ಲ, ಅವರ ಕನ್ನಡ ಕೇಳಿದರೆ ಸಾಕು. ಕ್ವೆಶ್ಚನ್ ಟ್ಯಾಗ್ ಕಲಿಸಿ ಕಲಿಸಿ ನಮ್ಮ ಮೇಷ್ಟ್ರ ಕನ್ನಡಕ್ಕೂ ಅದು ಅಂಟಿಕೊಂಡಿದೆ. ‘ರಾತ್ರಿ ಮಳೆ ಬಂತು, ಡಿಡಂಟ್ ಇಟ್?’ ‘ಹಾಲಿನವನು ಇನ್ನೂ ಬಂದಿಲ್ಲ, ಹ್ಯಾಸ್ ಹೀ?’ ವಾಕ್ಯ ಹೌದೆಂದರೆ ಟ್ಯಾಗ್ ಇಲ್ಲವೆನ್ನಬೇಕು, ವಾಕ್ಯ ಇಲ್ಲವೆಂದರೆ ಟ್ಯಾಗ್ ಹೌದೆನ್ನಬೇಕು. ಸಿಟ್ಟಿನಲ್ಲಿದ್ದಾಗಲೂ ಅವರು ಈ ನಿಯಮ ತಪ್ಪಿದ್ದಿಲ್ಲ. ‘ಉಪ್ಪು ಜಾಸ್ತಿ ಆಗಿದೆ, ಈಸಂಟ್ ಇಟ್?’ ಎಂದು ಒಮ್ಮೆ ಒಳಗೆ ಕೂಗಿದ್ದು ನಮ್ಮನೆಗೂ ಕೇಳಿಸಿತು. ‘ಆಗಿದ್ರೆ ಮಜ್ಜಿಗೆ ಹಾಕ್ಕೊಳ್ರೀ’ ಎಂದು ಅವರ ಹೆಂಡತಿ ಟ್ಯಾಗಿಲ್ಲದೆ ಹೇಳಿದ್ದೂ ಕೇಳಿಸಿತು.

ಅವರ ಉದಾಹರಣೆಗಳದೇ ಒಂದು ಪ್ರಪಂಚ. ಅಲ್ಲಿ ಕಳ್ಳ ಪೊಲೀಸರನ್ನು ಕಂಡ ಕೂಡಲೇ ಓಡುತ್ತಾನೆ. ಒಬ್ಬ ಮುದುಕ ನಡೆಯಲಾರದಷ್ಟು ನಿಶ್ಶಕ್ತನಾಗಿರುತ್ತಾನೆ, ಯಾಕೆಂದರೆ ‘ಟೂ’ ಮತ್ತು ‘ಟು’ಗಳನ್ನು ಒಂದೇ ವಾಕ್ಯದಲ್ಲಿ ತರುವವರು ಬೇರೆ ಯಾರೂ ಇಲ್ಲ. ಲೋಹಗಳಲ್ಲೆಲ್ಲ ಕಬ್ಬಿಣಕ್ಕೆ ಅಗ್ರಸ್ಥಾನ. ಎಲ್ಲಕ್ಕಿಂತ ದಾರುಣ ಆ ರೋಗಿಯ ಕಥೆ. ಡಾಕ್ಟರು ಬರುವ ಮುನ್ನವೇ ಅವನು ಸತ್ತಿರುತ್ತಾನೆ. ಮೇಷ್ಟ್ರು ಕಲಿಯುವಾಗಲೂ ಸತ್ತಿದ್ದ, ಕಲಿಸುವಾಗಲೂ ಪ್ರತಿ ಜುಲೈಯಲ್ಲಿ ತಪ್ಪದೆ ಸಾಯುತ್ತಾನೆ. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ತಮ್ಮ ಮಗನನ್ನು ಟ್ಯೂಷನ್ನಿಗೆ ಕಳಿಸಿದ ವರ್ಷ ಒಂದು ಸಣ್ಣ ತಕರಾರೂ ಆಯಿತು.

‘ಮೇಷ್ಟ್ರೇ, ಒಬ್ಬ ರೋಗಿಯನ್ನಾದ್ರೂ ಉಳಿಸಬಾರದಾ? ಊರಲ್ಲಿ ನಮ್ಮ ಹೆಸರು ಈಗಾಗ್ಲೇ ಅಷ್ಟಕ್ಕಷ್ಟೆ.’

‘ಡಾಕ್ಟ್ರೇ, ಅವನು ಬದುಕಿಬಿಟ್ರೆ ಪಾಸ್ಟ್ ಪರ್ಫೆಕ್ಟ್ ಎಲ್ಲಿಂದ ತರಲಿ?’

ಕೊನೆಗೆ ರಾಜಿಯಾಯಿತು. ರೋಗಿಯ ಜಾಗಕ್ಕೆ ರೈಲು ಬಂತು. ‘ನಾವು ಸ್ಟೇಷನ್ ಮುಟ್ಟುವ ಮುನ್ನವೇ ರೈಲು ಹೊರಟಿತ್ತು.’ ಮಕ್ಕಳಿಗೆ ಇದು ರೋಗಿಗಿಂತ ಕಷ್ಟವಾಯಿತು. ನಮ್ಮೂರಿಗೆ ರೈಲಿಲ್ಲ, ಸರ್ವೆ ಮಾತ್ರ ಆಗಿದೆ. ಮರುವರ್ಷ ಡಾಕ್ಟರಿಗೆ ವರ್ಗವಾಯಿತು, ರೋಗಿ ಮತ್ತೆ ಸಾಯತೊಡಗಿದ.

ಮೇಷ್ಟ್ರ ಮೇಜಿನ ಮೇಲೆ ಬಟ್ಟೆಯ ರಟ್ಟು ಹಾಕಿಸಿದ ಒಂದು ‘ರೆನ್ ಅಂಡ್ ಮಾರ್ಟಿನ್’ ವ್ಯಾಕರಣ ಇದೆ. ಅದನ್ನು ಕಾಲಿಗೆ ತಾಗಿಸಿದವರು ಕಣ್ಣಿಗೊತ್ತಿಕೊಳ್ಳಬೇಕು. ಹುಡುಗರಲ್ಲಿ ಅರ್ಧಕ್ಕರ್ಧ ಜನ ರೆನ್ನಂಡ್‌ಮಾರ್ಟಿನ್ ಎನ್ನುವುದು ಒಬ್ಬನೇ ಮನುಷ್ಯನ ಹೆಸರು ಎಂದುಕೊಂಡಿದ್ದಾರೆ. ಇಬ್ಬರಲ್ಲಿ ಮೊದಲನೆಯವರಾದ ಪಿ.ಸಿ. ರೆನ್ ಬೊಂಬಾಯಿ ಪ್ರಾಂತ್ಯದಲ್ಲಿ ಶಿಕ್ಷಣ ಇಲಾಖೆಯ ನೌಕರಿ ಮಾಡಿದವರು. ಆಗ ನಮ್ಮ ಧಾರವಾಡ, ಬೆಳಗಾವಿಗಳೂ ಆ ಪ್ರಾಂತ್ಯದೊಳಗೇ ಇದ್ದವು. ಆದರೆ ಇಂಗ್ಲೆಂಡಿನಲ್ಲಿ ಆತ ಪ್ರಸಿದ್ಧನಾದದ್ದು ವ್ಯಾಕರಣದಿಂದಲ್ಲ, 1924ರಲ್ಲಿ ಬಂದ ‘ಬೋ ಜೆಸ್ಟ್’ ಎಂಬ ಕಾದಂಬರಿಯಿಂದ. ಫ್ರೆಂಚರ ಸೇನೆಗೆ ಸೇರಿದ ಅಣ್ಣತಮ್ಮಂದಿರು, ಮರಳುಗಾಡಿನ ಕೋಟೆ, ಕಳವಾದ ರತ್ನ. ಹಾಲಿವುಡ್ಡಿನವರು ಅದನ್ನು ಒಂದಕ್ಕಿಂತ ಹೆಚ್ಚು ಸಲ ಸಿನಿಮಾ ಮಾಡಿದರು. ಅಷ್ಟೊಂದು ರೋಮಾಂಚನವನ್ನೆಲ್ಲ ಅಲ್ಲಿಗೆ ಖರ್ಚು ಮಾಡಿ, ನಮ್ಮ ಪಾಲಿಗೆ ಸೆಮಿಕೋಲನ್ ಬಿಟ್ಟುಹೋದ ಎಂದು ನನಗೊಂದು ಹೊಟ್ಟೆಯುರಿ. ಮೇಷ್ಟ್ರಿಗೆ ಈ ವಿಷಯ ಹೇಳಿದೆ. ಅವರಿಗೆ ಸಂತೋಷವಾಗಲಿಲ್ಲ. ‘ಕತೆಗಿತೆ ಬರೆಯೋರಲ್ಲ ಅವ್ರು’ ಎಂದು ಪುಸ್ತಕವನ್ನು ನನ್ನಿಂದ ಸ್ವಲ್ಪ ದೂರ ಸರಿಸಿದರು.

ಸಂಜೆ ಪೇಪರ್ ನೋಡುವ ನೆಪದಲ್ಲಿ ನಾನು ಅವರ ಜಗಲಿಗೆ ಹೋಗುವುದುಂಟು. ಆ ಹೊತ್ತಿನಲ್ಲಿ ಒಂಬತ್ತನೇ ಕ್ಲಾಸಿನ ಬ್ಯಾಚು. ಅವತ್ತು ರಜಾ ಅರ್ಜಿಯ ಪಾಠ. ಎಲ್ಲರೂ ಮೇಷ್ಟ್ರು ಕೊಟ್ಟ ನೋಟ್ಸನ್ನು ಇಳಿಸಿ ತಂದಿದ್ದರು. ಇಡೀ ಬ್ಯಾಚಿಗೆ ಜ್ವರ. ಒಬ್ಬಳು ಮಾತ್ರ ಬೇರೆ ಏನೋ ಬರೆದಿದ್ದಳು. ಪಕ್ಕದ ಹಳ್ಳಿಯಿಂದ ಬರುವ ಹುಡುಗಿ, ಹಿಂದಿನ ದಿನ ನಿಜವಾಗಿಯೂ ಸ್ಕೂಲಿಗೆ ಹೋಗಿರಲಿಲ್ಲ. ಮೇಷ್ಟ್ರು ಗಟ್ಟಿಯಾಗಿ ಓದಿದರು.

‘ಎಸ್ಟರ್‌ಡೇ ನೈಟ್ ಅವರ್ ಕೌ ಗಿವ್ ಕಾಫ್. ಕರೆಂಟ್ ನಾಟ್ ದೇರ್. ಮೈ ಫಾದರ್ ಪುಲ್ ದ ಲೆಗ್. ಐ ಹೋಲ್ಡ್ ದ ಟಾರ್ಚ್. ಮಾರ್ನಿಂಗ್ ಐ ಸ್ಲೀಪ್. ಸೋ ಐ ಡೋಂಟ್ ಕಮ್.’

ಹುಡುಗರು ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. ಕನ್ನಡಕ ಹಣೆಗೇರಿಸಿ ಕೇಳಿದರು: ‘ಕರು ಹೆಣ್ಣೋ ಗಂಡೋ?’

‘ಹೆಣ್ಗರು ಸಾರ್.’

‘ಒಳ್ಳೇದಾಯ್ತು. ಗಿಣ್ಣು ಕೊಟ್ಟು ಕಳಿಸೋಕೆ ಹೇಳು ನಿಮ್ಮಮ್ಮಂಗೆ.’ ಹೀಗೆಂದು ಕೆಂಪು ಪೆನ್ನು ತೆಗೆದು ಹಸು, ಕರು, ಅಪ್ಪ, ಟಾರ್ಚು ಎಲ್ಲದರ ಮೇಲೂ ಒಂದು ಗೀಟು ಎಳೆದರು. ‘ಇದೆಲ್ಲ ಬೇಡ ಕಣಮ್ಮ. ಫೀವರ್ ಹಾಕು.’

‘ಜ್ವರ ಇರ್ಲಿಲ್ಲ ಸಾರ್ ನಂಗೆ.’

‘ಇಂಗ್ಲಿಷ್‌ನಲ್ಲಿ ಇತ್ತು.’

ಅವಳು ಇಂಗ್ಲಿಷಿನಲ್ಲಿ ಜ್ವರ ಹಾಕಿಕೊಂಡಳು. ನನಗೆ ಪೇಪರಿನ ಮೇಲೆ ಕಣ್ಣು ನಿಲ್ಲಲಿಲ್ಲ. ಆ ಆರು ವಾಕ್ಯಗಳಲ್ಲಿ ಸರಿಯಾದದ್ದು ಒಂದೂ ಇರಲಿಲ್ಲ, ಒಪ್ಪುತ್ತೇನೆ. ಆದರೆ ಕತ್ತಲಿತ್ತು, ನಾಲ್ಕು ಜೀವ ಇದ್ದವು, ಯಾರು ಏನು ಮಾಡಿದರು ಎಂಬುದು ಸ್ಪಷ್ಟವಾಗಿತ್ತು. ತಪ್ಪುಗಳಾದರೂ ಎಂಥವು? ಹೆಚ್ಚುಕಡಿಮೆ ಎಲ್ಲವೂ ಒಂದೇ ತಪ್ಪು: ನಡೆದುಹೋದದ್ದನ್ನು ವರ್ತಮಾನಕಾಲದಲ್ಲಿ ಬರೆದದ್ದು. ಗಿವ್ ‘ಗೇವ್’ ಆಗಬೇಕು, ಪುಲ್ ‘ಪುಲ್ಡ್’ ಆಗಬೇಕು, ಹೋಲ್ಡ್ ‘ಹೆಲ್ಡ್’, ಸ್ಲೀಪ್ ‘ಸ್ಲೆಪ್ಟ್’, ಡೋಂಟ್ ಹೋಗಿ ‘ಡಿಡ್ ನಾಟ್’. ಭೂತಕಾಲದ ಅರ್ಧ ಅಧ್ಯಾಯ ಆ ಕೊಟ್ಟಿಗೆಯಲ್ಲೇ ಇತ್ತು. ಟಾರ್ಚು ಹಿಡಿದು ನಿಂತವಳಿಗೆ ‘ಹೆಲ್ಡ್’ ಎಂದು ಒಮ್ಮೆ ಹೇಳಿಕೊಟ್ಟಿದ್ದರೆ ಆಯುಷ್ಯವಿಡೀ ಮರೆಯುತ್ತಿರಲಿಲ್ಲ. ಬದಲಿಗೆ ಅವಳು ‘ಸಫರಿಂಗ್ ಫ್ರಮ್ ಫೀವರ್’ ಎಂದು ಹತ್ತು ಸಲ ಬರೆದಳು. ಅದರಲ್ಲಿ ತಪ್ಪಿಲ್ಲ, ಅವಳೂ ಇಲ್ಲ.

ಇದನ್ನೆಲ್ಲ ಮೇಷ್ಟ್ರ ತಲೆಗೇ ಕಟ್ಟುವುದು ಅನ್ಯಾಯ. 2007ರಿಂದ ನಮ್ಮ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಅಂದರೆ ಹತ್ತನೇ ತರಗತಿ ಮುಗಿಸುವಷ್ಟರಲ್ಲಿ ಮಗು ಹತ್ತು ವರ್ಷ ಅದರ ಜೊತೆ ಬಾಳಿರುತ್ತದೆ, ಸ್ವಂತದ್ದೆನ್ನುವ ಹತ್ತು ವಾಕ್ಯ ಬರೆದಿರುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಗೆ ಬರವಣಿಗೆಯ 80 ಅಂಕ, ಶಾಲೆಯ ಕೈಯಲ್ಲಿ 20. ಆ 80ರಲ್ಲಿ ಪತ್ರಕ್ಕೆ 5. ಆ ಪತ್ರವಾದರೂ ‘ನೀನು ಇಂಥ ಊರಿನ ಇಂಥವನು ಎಂದು ಭಾವಿಸಿಕೊಂಡು ಬರೆ’ ಎಂದೇ ಶುರುವಾಗುತ್ತದೆ. ಇಲಾಖೆಯೇ ಬೇರೆಯವನಾಗು ಎಂದ ಮೇಲೆ ಮೇಷ್ಟ್ರು ಜ್ವರ ಬರಿಸಿದ್ದೇನು ಹೆಚ್ಚು? ಮೌಲ್ಯಮಾಪನಕ್ಕೆ ಕೂತವರ ಮುಂದೆ ಉತ್ತರಪತ್ರಿಕೆಗಳ ಕಟ್ಟು ಇರುತ್ತದೆ, ಅವರಿಗೆ ಕರುವಿನ ಲಿಂಗ ಕೇಳಲು ಪುರುಸೊತ್ತಿಲ್ಲ. ಫ್ರಮ್, ಟು, ತಾರೀಖು, ರೆಸ್ಪೆಕ್ಟೆಡ್ ಸರ್, ಕೆಳಗೆ ಯುವರ್ಸ್ ಫೇತ್‌ಫುಲಿ. ಈ ಚೌಕಟ್ಟು ನಿಂತರೆ ನಡುವೆ ಏನಿಲ್ಲದಿದ್ದರೂ ಅಷ್ಟಿಷ್ಟು ಅಂಕ ಉದುರುತ್ತದೆ. ಇದಕ್ಕೆ ‘ಪಾಸಿಂಗ್ ಪ್ಯಾಕೇಜ್’ ಎಂದು ಹೆಸರು. ಜನವರಿ ದಾಟಿದರೆ ಮೇಷ್ಟ್ರ ಶೆಡ್ಡಿನಲ್ಲಿ ಅದರ ಜೆರಾಕ್ಸು ಪ್ರಸಾದದಂತೆ ಹಂಚಿಕೆಯಾಗುತ್ತದೆ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದ ಮೇಲೆ ಪ್ಯಾಕೇಜಿಗೆ ಸೀಸನ್ನೂ ಉದ್ದವಾಗಿದೆ. ಮೊದಲೆಲ್ಲ ಏಪ್ರಿಲ್‌ನಲ್ಲಿ ಮೇಷ್ಟ್ರು ಹಪ್ಪಳ ಒಣಹಾಕಲು ಹೆಂಡತಿಗೆ ಸಹಾಯ ಮಾಡುತ್ತಿದ್ದರು. ಈಗ ಬಿಡುವಿಲ್ಲ.

ಹಾಗಂತ ಬರೆಯಲು ಬಾರದ ಮನುಷ್ಯನೆಂದುಕೊಳ್ಳಬೇಡಿ. ಅವರ ಇನ್ನೊಂದು ಅವತಾರವನ್ನು ಭಾನುವಾರ ನೋಡಬೇಕು. ಬ್ಯಾಂಕಿಗೆ, ವಿಮೆಯವರಿಗೆ, ಕರೆಂಟಿನವರಿಗೆ ಇಂಗ್ಲಿಷಿನಲ್ಲಿ ಬರೆದರೆ ಮಾತ್ರ ಲಕೋಟೆ ಒಡೆಯುತ್ತಾರೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಹೀಗಾಗಿ ಸುತ್ತಲ ಹಳ್ಳಿಯವರು ಅವರ ಜಗಲಿಗೆ ಬರುತ್ತಾರೆ. ಒಬ್ಬ ರೈತನ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಮೇಷ್ಟ್ರು ವಕೀಲರಂತೆ ಕೂತು ಕೇಳಿದರು: ಸುಟ್ಟದ್ದು ಯಾವತ್ತು? ಎಷ್ಟು ಹೊತ್ತಿಗೆ? ಶಬ್ದ ಬಂತಾ? ಹತ್ತಿರ ಯಾರಿದ್ರು? ಲೈನ್‌ಮನ್‌ಗೆ ಹೇಳಿದ್ದು ಯಾವ ದಿನ, ಅವನು ಏನಂದ? ಈಗ ನೆಲದಲ್ಲಿ ಏನು ಬೆಳೆ ಇದೆ, ನೀರಿಲ್ಲದೆ ಎಷ್ಟು ದಿನ ತಡೆಯುತ್ತೆ? ಎಲ್ಲ ಕೇಳಿಕೊಂಡು ಮುಕ್ಕಾಲು ಪುಟ ಬರೆದರು. ಸಣ್ಣ ಸಣ್ಣ ವಾಕ್ಯ, ಒಂದರ ಹಿಂದೊಂದು, ಮುಟ್ಟಿದರೆ ಕೈ ಸುಡುವ ಹಾಗೆ. ಒಂದೇ ಒಂದು ಕಡೆ ಪ್ಯಾಸಿವ್ ವಾಯ್ಸು ಬಂತು, ಅದೂ ಬೇಕೆಂದೇ. ‘ಲೈನ್‌ಮನ್ ಬರಲಿಲ್ಲ ಅಂತ ನೇರ ಬರೆದ್ರೆ ನಾಳೆ ಅವನೇ ಇವರ ತೋಟಕ್ಕೆ ಕಂಬ ಹತ್ತೋಕೆ ಬರ್ಬೇಕಲ್ಲ. ಕರ್ತೃ ಬಿಟ್ಟುಬಿಟ್ಟೆ.’ ಪ್ಯಾಸಿವ್ ವಾಯ್ಸ್ ಯಾತಕ್ಕಾಗಿ ಹುಟ್ಟಿದೆ ಎನ್ನುವುದನ್ನು ಇಷ್ಟು ಚೆನ್ನಾಗಿ ರಾಮ ರಾವಣರಿಬ್ಬರೂ ಸೇರಿ ನನಗೆ ಹೇಳಿಕೊಟ್ಟಿರಲಿಲ್ಲ.

‘ಮೇಷ್ಟ್ರೇ, ಇದನ್ನೇ ಮಕ್ಕಳಿಗೂ ಹೇಳಿಕೊಡಬಾರದಾ?’ ಎಂದೆ.

‘ಇದು ಕಾಗದ ರೀ. ಅದು ಪರೀಕ್ಷೆ’ ಎಂದು ಅವರು ಪೆನ್ನಿನ ಕ್ಯಾಪು ಹಾಕಿದರು. ರೈತ ಒಂದು ಬಾಳೆಗೊನೆ ಇಳಿಸಿ ಹೋದ.

ಈ ವರ್ಷ ಮೇಷ್ಟ್ರ ರಾಜ್ಯದೊಳಕ್ಕೆ ಒಂದು ಹೊಸ ಉಪದ್ರವ ನುಗ್ಗಿದೆ. ಹುಡುಗನೊಬ್ಬ ರಜಾ ಅರ್ಜಿಯನ್ನು ಮೊಬೈಲಿನ ಎಐ ಕೈಲಿ ಬರೆಸಿ ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಂದ. ಮೇಷ್ಟ್ರು ಕೆಂಪು ಪೆನ್ನು ಹಿಡಿದು ಮೇಲಿನಿಂದ ಕೆಳಗೆ ಬಂದರು, ಕೆಳಗಿನಿಂದ ಮೇಲೆ ಹೋದರು. ಪೆನ್ನಿಗೆ ಎಲ್ಲೂ ಕೆಲಸ ಸಿಗಲಿಲ್ಲ. ಪುಟವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು.

‘ಯಾರೋ ಬರೆದದ್ದು?’

‘ನಾನೇ ಸಾರ್.’

‘ಹಾಗಾದ್ರೆ ಡಿಲಿಜೆಂಟ್ಲಿ ಅಂದ್ರೇನು ಹೇಳು.’

‘ಗೊತ್ತಿಲ್ಲ ಸಾರ್. ಅದಾಗೇ ಬಂತು.’

ತಪ್ಪಿಲ್ಲದ ಕಾಗದಕ್ಕೆ ಪೂರ್ತಿ ಅಂಕ ಕೊಡಲು ಅವರಿಗೆ ಮನಸ್ಸೊಪ್ಪಲಿಲ್ಲ. ಅಕ್ಷರ ದುಂಡಗಿಲ್ಲವೆಂದು ಅರ್ಧ ಕಳೆದರು. ಆದರೆ ಆ ನೋಟ್‌ಬುಕ್ಕನ್ನು ಹುಡುಗನಿಗೆ ತಿರುಗಿ ಕೊಡಲಿಲ್ಲ, ರಾತ್ರಿ ಒಳಗೆ ತೆಗೆದುಕೊಂಡು ಹೋದರು. ಬೇರೆಯವರ ಒಳ್ಳೆಯ ವಾಕ್ಯ ಕಂಡರೆ ಈ ಜಾತಿಯ ಮೇಷ್ಟ್ರುಗಳಿಗೆ ಆಗುವ ಆಸೆಯೇ ಬೇರೆ. ಸೋಮವಾರ ಬ್ಯಾಚಿಗೆ ಬೋರ್ಡಿನ ಮೇಲೆ ಹೊಸ ನೋಟ್ಸು ಬಂತು. ರೆಸ್ಪೆಕ್ಟೆಡ್ ಸರ್ ಆದ ಮೇಲೆ, ಜ್ವರಕ್ಕೆ ಮೊದಲು, ಒಂದು ಸಾಲು ಸೇರಿತ್ತು: ‘ಐ ಹೋಪ್ ದಿಸ್ ಲೆಟರ್ ಫೈಂಡ್ಸ್ ಯು ಇನ್ ಗುಡ್ ಹೆಲ್ತ್.’ ಮೂವತ್ತು ತಲೆಗಳು ಬಗ್ಗಿ ಹೆಡ್‌ಮಾಸ್ಟರರ ಆರೋಗ್ಯ ವಿಚಾರಿಸಿಕೊಂಡು ತಮ್ಮ ತಮ್ಮ ಜ್ವರಕ್ಕೆ ಬಂದವು.

ಹಿಂದಿನ ಸಾಲಿನಿಂದ ಹಸುವಿನ ಹುಡುಗಿ ಕೈ ಎತ್ತಿದಳು.

‘ಸಾರ್, ಹೆಡ್‌ಮಾಸ್ಟ್ರಿಗೂ ಜ್ವರ ಇದ್ರೆ?’

ಮೇಷ್ಟ್ರು ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿದರು, ಇಡೀ ಅರ್ಜಿಯನ್ನು ಮತ್ತೊಮ್ಮೆ ಓದಿದರು.

‘ಎರಡು ಜ್ವರ ಪರೀಕ್ಷೆಗೆ ಬರಲ್ಲ ಕಣಮ್ಮ. ಮುಂದಕ್ಕೆ ಬರ್ಕೊ.’